ಸ್ವಿಮ್ಮಿಂಗ್ ನಾಮಪದವೆಂದು ಕಲಿಸಿದ ಮಾಸ್ತರು

ಸದಾಶಿವ ಮಾಸ್ತರ ತರಗತಿಯಲ್ಲಿ ಕ್ರಿಯಾಪದವಾದವರು ಬೆಂಚು ಹತ್ತಿ ನಿಲ್ಲಬೇಕಿತ್ತು. ಹೊಸನಗರದ ಕಡೆಯ ನಮ್ಮ ಹೈಸ್ಕೂಲಿನಲ್ಲಿ ಅವರು ಇಂಗ್ಲಿಷ್ ಕಲಿಸುತ್ತಿದ್ದರು. ವಾಕ್ಯದಲ್ಲಿ ಎಷ್ಟು ಪದಗಳೋ ಅಷ್ಟು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ತಲೆಗೊಂದು ಪದ ಹಂಚಿ, "ವರ್ಬ್ ಯಾರ್ರೇ? ಹತ್ತಿ" ಎನ್ನುವರು.

ಒಮ್ಮೆ 'ಸ್ವಿಮ್ಮಿಂಗ್ ಈಸ್ ಫನ್' ಎಂಬ ವಾಕ್ಯ ಬಂತು. ಸ್ವಿಮ್ಮಿಂಗ್ ಆಗಿದ್ದ ನಾನು ಜಂಬದಿಂದ ಬೆಂಚು ಹತ್ತಿದೆ.

"ಇಳಿ ಮಾರಾಯ್ತಿ. ಯಾವುದು ಫನ್ನು? ಈಜು. ಇಲ್ಲಿ ನೀನು ಬರೀ ಹೆಸರು. ಪದದ ಮುಖ ನೋಡ್ಬೇಡ, ವಾಕ್ಯದಲ್ಲಿ ಎಂತ ಮಾಡ್ತಿದೆ ನೋಡು."

'ಈಸ್' ಆಗಿದ್ದ ಗೆಳತಿ ಶಾಂತಲಾ, "ಸಾರ್, ನಾ ಎಂತ ಕೆಲ್ಸನೂ ಮಾಡ್ತಿಲ್ಲ" ಎಂದಳು.

"ನೀ ಆಚೆ ಹೋಗು, ಇವ್ರಿಬ್ರೇ ಸೇರಿ ವಾಕ್ಯ ಆಗ್ತದಾ ನೋಡ್ವ" ಎಂದು ನಕ್ಕರು.

ತಮ್ಮ ತಪ್ಪನ್ನು ತಾವೇ ಹೇಳಿಕೊಳ್ಳುತ್ತಿದ್ದರು. 'ರನ್ಸ್ ಫಾಸ್ಟ್' ಎಂಬಲ್ಲಿ ಫಾಸ್ಟ್ ವಿಶೇಷಣ ಎಂದು ಒಂದು ದಿನ ಬಾಯಿತಪ್ಪಿ ಹೇಳಿದ್ದರು. ಮರುದಿನ ಪ್ರಾರ್ಥನೆ ಮುಗಿದ ಕೂಡಲೇ ಇಡೀ ಶಾಲೆಯ ಮುಂದೆ ನಿಂತು, "ನಿನ್ನೆ ನಾ ಹೇಳಿದ್ದು ತಪ್ಪು. ಅದು ಕ್ರಿಯಾವಿಶೇಷಣ. ತಿದ್ಕೊಳ್ಳಿ" ಎಂದರು. ಅಂದಿನಿಂದ ಅವರು ಹೇಳಿದ ಮೇಲೆ ನನಗೆ ಎರಡು ಮಾತಿಲ್ಲ.

ಹತ್ತನೇ ತರಗತಿಯಲ್ಲಿ ಅವರು ನನ್ನನ್ನು ಸಾಗರಕ್ಕೆ ಇಂಗ್ಲಿಷ್ ಸ್ಪರ್ಧೆಗೆ ಕರೆದೊಯ್ದರು. ಕೊನೆಗೆ ಇಬ್ಬರು ಉಳಿದೆವು. ಪ್ರಶ್ನೆ ಕೇಳುತ್ತಿದ್ದವರು ಶಿಕ್ಷಣ ಇಲಾಖೆಯ ಒಬ್ಬ ಅಧಿಕಾರಿ. 'ಸ್ವಿಮ್ಮಿಂಗ್ ಈಸ್ ಗುಡ್ ಎಕ್ಸರ್‌ಸೈಜ್' ಎಂಬ ವಾಕ್ಯದಲ್ಲಿ ಕ್ರಿಯಾಪದ ಯಾವುದೆಂದು ನನ್ನನ್ನು ಕೇಳಿದರು.

"ಈಸ್" ಎಂದೆ.

"ಈಜೋದು ಕೆಲ್ಸ ಅಲ್ವೇನಮ್ಮಾ? ಸ್ವಿಮ್ಮಿಂಗೇ ವರ್ಬು."

"ಇಲ್ಲ ಸಾರ್, ಇಲ್ಲಿ ಅದು ನೌನ್. ನಮ್ ಸಾರ್ ಹಾಗೇ ಕಲ್ಸಿದಾರೆ."

ಅಧಿಕಾರಿ ಮೊದಲ ಸಾಲಿನಲ್ಲಿದ್ದ ಮಾಸ್ತರ ಕಡೆ ತಿರುಗಿದರು. "ಏನ್ರೀ, ಹೀಗೆ ಕಲಿಸ್ತೀರಾ ನೀವು?"

ಅವರು ಎದ್ದು ನಿಂತರು. ನನಗೆ ಒಳಗೊಳಗೇ ಖುಷಿ. ಈಗ ಈ ಅಧಿಕಾರಿ ನೋಡಲಿ ಎಂದುಕೊಂಡೆ. ಮಾಸ್ತರು ನನ್ನನ್ನು ನೋಡಲೇ ಇಲ್ಲ.

"ಇಲ್ಲ ಸಾರ್, ನಾ ಹಾಗೆ ಕಲಿಸಿಲ್ಲ. ಹುಡುಗಿ ಗಲಿಬಿಲಿ ಮಾಡ್ಕೊಂಡಿದಾಳೆ."

ಹಿಂದಿನಿಂದ ಯಾರೋ ನಕ್ಕರು. ನಾನು ವೇದಿಕೆ ಇಳಿದೆ. ವಾಪಸು ಬಸ್ಸಿನಲ್ಲಿ ಅವರು ನನ್ನ ಪಕ್ಕವೇ ಕೂತಿದ್ದರು. ಊರು ಬರುವ ತನಕ ಒಂದು ಮಾತೂ ಆಡಲಿಲ್ಲ.

ಮರುದಿನ ತರಗತಿಯಲ್ಲಿ ಶಾಂತಲಾ ನನ್ನ ಪರವಾಗಿ ಎದ್ದು ಕೇಳಿದಳು: "ಸಾರ್, ಸ್ವಿಮ್ಮಿಂಗ್ ನೌನಾ, ವರ್ಬಾ?"

ಅವರು ಪುಸ್ತಕದ ಪುಟ ತಿರುವಿದರು. "ಅದು ಪರೀಕ್ಷೆಗೆ ಬರಲ್ಲ. ಕೂತ್ಕೋ."

ಸಾಗರದ್ದಕ್ಕಿಂತ ಇದು ಹೆಚ್ಚು ನೋಯಿಸಿತು. ಮುಂದಿನ ತಿಂಗಳೇ ಅವರಿಗೆ ತಮ್ಮೂರು ತೀರ್ಥಹಳ್ಳಿಗೆ ವರ್ಗವಾಯಿತು. ಆದೇಶಕ್ಕೆ ಅದೇ ಅಧಿಕಾರಿಯ ಸಹಿ ಇದ್ದುದನ್ನು ಜವಾನನೇ ನಮಗೆ ಹೇಳಿದ. ಬೀಳ್ಕೊಡುಗೆಯ ದಿನ ನಾನು ಶಾಲೆಗೆ ಹೋಗಲಿಲ್ಲ.

ಈಗ ನಾನೂ ಇಂಗ್ಲಿಷ್ ಕಲಿಸುತ್ತೇನೆ. ಹೋದ ವರ್ಷ ತೀರ್ಥಹಳ್ಳಿಯ ಕನ್ನಡಕದ ಅಂಗಡಿಯಲ್ಲಿ ಅವರು ಸಿಕ್ಕರು. ನಿವೃತ್ತರಾಗಿ, ಸೊರಗಿದ್ದರು. ಗುರುತು ಹಿಡಿದು, ನನ್ನ ಕೆಲಸ ಯಾವುದೆಂದು ಕೇಳಿ ತಿಳಿದರು. ಅಂಗಡಿಯವನು ಒಳಗೆ ಹೋದ ಮೇಲೆ ದನಿ ತಗ್ಗಿಸಿದರು.

"ಆವತ್ತು ಸಾಗರದಲ್ಲಿ ನೀ ಹೇಳಿದ್ದೇ ಸರಿ ಇತ್ತು."

"ಗೊತ್ತು ಸಾರ್."

"ಇಲ್ಲಿ ಊರಲ್ಲಿ ಅಮ್ಮಂಗೆ ಹುಷಾರಿರ್ಲಿಲ್ಲ. ನೋಡ್ಕೊಳ್ಳೋಕೆ ಬೇರೆ ಯಾರೂ ಇರ್ಲಿಲ್ಲ. ವರ್ಗ ಆಗ್ಲೇಬೇಕಿತ್ತು."

"ಬಸ್ಸಲ್ಲಿ ನಂಗೊಂದು ಮಾತು ಹೇಳ್ಬಹುದಿತ್ತಲ್ಲ ಸಾರ್. ಅಲ್ಲಿ ಆ ಅಧಿಕಾರಿ ಇರ್ಲಿಲ್ಲ."

ಅವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅಂಗಡಿಯವನು ಕನ್ನಡಕ ಹಿಡಿದು ಹೊರಬಂದ. ಮಾಸ್ತರ ದನಿ ತಟ್ಟನೆ ಏರಿತು.

"ಇವಳು ನನ್ ಸ್ಟೂಡೆಂಟು! ಈಗ ಇಂಗ್ಲಿಷ್ ಟೀಚರ್. ಗ್ರಾಮರ್ ಪೂರ್ತಿ ನಾನೇ ಕಲ್ಸಿದ್ದು."

"ಹೌದೇನ್ರೀ ಮೇಡಂ?" ಎಂದು ಅಂಗಡಿಯವನು ನನ್ನ ಕಡೆ ತಿರುಗಿದ.

ಮಾಸ್ತರೂ ನನ್ನನ್ನೇ ನೋಡುತ್ತಿದ್ದರು. ಇಲ್ಲ ಎನ್ನಲು ಒಂದು ಕ್ಷಣ ಸಾಕಿತ್ತು.

"ಹೌದು, ಇವರೇ ಕಲ್ಸಿದ್ದು" ಎಂದೆ.

ಆಮೇಲೆ ನಾನು ಅವರನ್ನು ನೋಡಿಲ್ಲ.