ಒಂದೇ ಸಲ ಕೇಳುವವರು

೧೯೫೨ರಲ್ಲಿ ಓದು ಬಿಟ್ಟು ಉಳಿ ಹಿಡಿದೆ. ಹತ್ತು ವರ್ಷ ದುಡಿದರೂ ಇಡೀ ಮನೆಯೊಂದರ ಮರಗೆಲಸ ನನಗೆ ಸಿಕ್ಕಿರಲಿಲ್ಲ. ಆಗ ಜಯನಗರದಲ್ಲಿ ಮನೆ ಕಟ್ಟಿಸುತ್ತಿದ್ದ ಒಬ್ಬ ಅಡುಗೆಯವರ ಪರಿಚಯವಾಯಿತು. ಕುವೈತಿನಲ್ಲಿ ಮೊದಲು ಅರಬರ ಮನೆಯಲ್ಲಿ, ಆಮೇಲೆ ಅಮೆರಿಕದವರ ಮನೆಯಲ್ಲಿ ಅಡುಗೆ ಮಾಡಿ ಬಂದವರು. ಕಾಫಿ ಕುಡಿದಾಗಲೆಲ್ಲ ಖಾಲಿ ಲೋಟ ಅಲ್ಲಾಡಿಸಿ ತೋರಿಸುವರು: "ಹೀಗೆ ಅಲ್ಲಾಡಿಸೋವರೆಗೂ ಅರಬರು ಕಾಫಿ ಹಾಕ್ತಾನೇ ಇರ್ತಾರೆ. ಅಮೆರಿಕದವರು ಒಂದೇ ಸಲ ಕೇಳೋದು."

ಒಂದು ದಿನ, "ಬಾಗಿಲು, ಕಿಟಕಿ ಎಲ್ಲ ನೀವೇ ಮಾಡ್ತೀರಾ ಮೇಸ್ತ್ರಿ?" ಎಂದರು. ಒಳಗೊಳಗೇ ಕುಣಿದೆ. ಆದರೂ ಇನ್ನೆರಡು ಸಲ ಹೇಳಿಸಿಕೊಂಡರೇ ಮರ್ಯಾದೆ ಎಂದುಕೊಂಡು, "ನಮ್ಮಂಥವರ ಕೈಲಿ ಎಲ್ಲಿ ಆಗುತ್ತೆ ಸ್ವಾಮಿ" ಎಂದೆ.

"ಸರಿ ಬಿಡಿ. ವಿಲ್ಸನ್ ಗಾರ್ಡನ್‌ನಲ್ಲಿ ಇನ್ನೊಬ್ಬರಿದ್ದಾರೆ" ಎಂದವರೇ ಕೊಡೆ ಬಿಡಿಸಿ ಹೊರಟುಬಿಟ್ಟರು.

ಅವರು ರಸ್ತೆ ತಿರುಗುವವರೆಗೆ ನನ್ನ ಜಂಬ ತಡೆಯಿತು. ಆಮೇಲೆ ಓಡಿದೆ. ತಿರುವಿನಾಚೆಯೇ ಕೊಡೆ ಹಿಡಿದು ನಿಂತಿದ್ದರು.

"ಆಗುತ್ತೆ ಸ್ವಾಮಿ, ನಾನೇ ಮಾಡ್ತೀನಿ. ಆದ್ರೆ ವಿಲ್ಸನ್ ಗಾರ್ಡನ್ ಈ ಕಡೆ ಅಲ್ವಲ್ಲ?"

"ಅಲ್ಲ" ಎಂದರು, ಮುಖದಲ್ಲಿ ನಗೆಯ ಸುಳಿವಿಲ್ಲದೆ. "ಒಂದೇ ಸಲ ಕೇಳ್ದೆ, ಆದ್ರೆ ಕಾದೆ. ಎರಡೂ ಮನೆ ಉಪ್ಪು ತಿಂದವನಲ್ವಾ."

ಆ ಬಾಗಿಲುಗಳನ್ನು ನೋಡಿಯೇ ಮುಂದಿನ ಗಿರಾಕಿಗಳು ಬಂದರು. ಈಗ ನನಗೆ ಸ್ವಂತ ಅಂಗಡಿ ಒಂದು, ಕೆಲಸದವರು ಏಳು ಜನ, ಸಾರಕ್ಕಿಯಲ್ಲಿ ಹೆಂಚಿನ ಮನೆ ಒಂದು.