ಸತ್ವಾದಲ್ಲಿ ಹಳಿಯಾಳದ ಸವಾರ

ಬಾಗಿಲು ತೆರೆದವರು ನನ್ನ ಹೆಗಲಿನಾಚೆ ಇಣುಕಿ, ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದರು. ಅರ್ಧ ಗಂಟೆ ಮೊದಲು ಫೋನಿನಲ್ಲಿ ಅವರೊಡನೆ ಕನ್ನಡ ಮಾತಾಡಿದವನು ನಾನೇ. ದುಬೈಗೆ ಬಂದು ಅದು ನಾಲ್ಕನೇ ದಿನ. ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಉಡುಪಿ ಕಡೆಯ ಅವರ ಮನೆಯಲ್ಲಿ ಬೆಡ್‌ಸ್ಪೇಸ್, ಅಂದರೆ ಒಂದು ಮಂಚದಷ್ಟು ಬಾಡಿಗೆ ಜಾಗ, ಖಾಲಿ ಇತ್ತು.

“ಫೋನ್ ಮಾಡಿದವನು ನಾನೇ,” ಎಂದೆ.

“ನೀವಾ? ನಿಮ್ಮ ಊರು ಎಲ್ಲಿ ಮಾರಾಯ್ರೆ?”

“ಹಳಿಯಾಳ.”

“ಹೌದಾ... ಬೆಡ್ ಈಗಷ್ಟೇ ಬೇರೆಯವರಿಗೆ ಕೊಟ್ಟಾಯ್ತಲ್ಲ.”

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಪೆಟ್ಟಿಗೆ ಎತ್ತಿಕೊಂಡು ಬಸ್ ಸ್ಟಾಪಿಗೆ ನಡೆದೆ.

ನಾನು ಸಿದ್ದಿ. ನಮ್ಮ ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ತಂದು ಮಾರಿದ್ದರಂತೆ. ಅವರು ತಪ್ಪಿಸಿಕೊಂಡು ಕಾಡು ಸೇರಿ ಉಳಿದರು. ನಾನು ಹದಿನೇಳು ವರ್ಷ ಸೈನ್ಯದ ಕುದುರೆ ತುಕಡಿಯಲ್ಲಿದ್ದೆ. ಗಡಿಯ ಹಿಮದಲ್ಲಿ ಗುಂಡೇಟು ತಿಂದ ಜೊತೆಗಾರನನ್ನು ಜೀನಿಗೆ ಕಟ್ಟಿ ಕಣಿವೆ ಇಳಿಸಿದ್ದಕ್ಕೆ ಶೌರ್ಯ ಪದಕ ಬಂತು. ಊರಿನಲ್ಲಿ ಸನ್ಮಾನ ಮಾಡಿದವರು ಶಾಲು ಹೊದಿಸಿ, “ಈಗ ನಿಮ್ಮವರ ಕುಣಿತ ಒಂದು ಆಗಲಿ,” ಎಂದರು. ಪದಕ ಹಾಕಿಕೊಂಡೇ ಕುಣಿದೆ.

ಇಲ್ಲಿ ಊರಾಚೆಯ ಲಾಯವೊಂದರಲ್ಲಿ ಕುದುರೆ ಪಳಗಿಸುತ್ತೇನೆ. ಗಡಿಯಲ್ಲಿ ಅವುಗಳ ಮೂಗಿನ ಹಿಮ ಒರೆಸುತ್ತಿದ್ದೆವು. ಇಲ್ಲಿ ಅವಕ್ಕೆ ಎಸಿ, ಈಜುಕೊಳ. ನನ್ನನ್ನು ಕಂಡವರು ಸುಡಾನಿನವನೆಂದುಕೊಂಡು ನೇರ ಅರಬ್ಬಿಯಲ್ಲೇ ಶುರುಮಾಡುತ್ತಾರೆ. ಹಾಗಾಗಿ ಮೊದಲು ಕಲಿತದ್ದು, “ಮಾಫಿ ಅರಬ್ಬಿ,” ನನಗೆ ಅರಬ್ಬಿ ಬರುವುದಿಲ್ಲ ಎನ್ನುವುದನ್ನು.

ಕೊನೆಗೆ ಜಾಗ ಕೊಟ್ಟವನು ನಮ್ಮ ಲಾಯದಲ್ಲಿ ಲಾಳ ಕಟ್ಟುವ ಸುಡಾನಿನ ಇದ್ರಿಸ್. ದುಬೈನ ಹಳೇ ಬಡಾವಣೆ ಸತ್ವಾದಲ್ಲಿ, ದರ್ಜಿ ಅಂಗಡಿಯ ಮೇಲಿನ ಕೋಣೆ. ನನ್ನ ಊರು ಯಾವುದೆಂದು ಅವನು ಕೇಳಿದ್ದು ಒಂದು ವಾರ ಕಳೆದ ಮೇಲೆ.

ಈದ್ ದಿನ ಇದ್ರಿಸ್ ನನ್ನನ್ನು ತನ್ನ ದೊಡ್ಡಮ್ಮನ ಮನೆಗೆ ಕರೆದೊಯ್ದ. ಸುಡಾನಿನ ಯುದ್ಧದಿಂದ ಪಾರಾಗಿ ಬಂದ ಮುದುಕಿ. ನನ್ನ ಗಲ್ಲ ಹಿಡಿದು ಬಹಳ ಹೊತ್ತು ಏನೋ ಹೇಳಿದರು. ಇದ್ರಿಸ್ ತನ್ನ ಹರಕು ಹಿಂದಿಯಲ್ಲಿ ತಿಳಿಸಿದ: ಬಾಂಬಿಗೆ ಸತ್ತ ಅವಳ ತಮ್ಮನ ಹಾಗೆಯೇ ಇದ್ದೀಯಂತೆ, ಇಷ್ಟು ದಿನ ಎಲ್ಲಿದ್ದೆ ಅಂತ ಕೇಳುತ್ತಿದ್ದಾಳೆ. ಅವರು ಬಡಿಸಿದ ಅಸೀದಾ, ನಮ್ಮ ಜೋಳದ ಮುದ್ದೆಯಂಥದ್ದು, ತಿಂದೆ. ಅಳುವೂ ಬರಲಿಲ್ಲ.

ಆಗಲೇ ಹೆಂಡತಿ ಫೋನ್ ಮಾಡಿದಳು. “ಹಬ್ಬದ ದಿನ ಯಾರ ಮನ್ಯಾಗ ಅದೀರಿ?”

“ನಮ್ಮವರ ಮನ್ಯಾಗ.”

“ನಮ್ಮವರು ಯಾರದಾರ ಅಲ್ಲಿ? ಕೊಡ್ರಿ, ಮಾತಾಡ್ತೇನಿ.”

ಫೋನನ್ನು ಮುದುಕಿಯ ಕಿವಿಗೆ ಹಿಡಿದೆ. ಅವರು ಅರಬ್ಬಿಯಲ್ಲಿ, ಇವಳು ಕನ್ನಡದಲ್ಲಿ, ಒಬ್ಬರದು ಒಬ್ಬರಿಗೆ ತಿಳಿಯದೆ ಮಾತಾಡುತ್ತಲೇ ಇದ್ದರು. ಇಬ್ಬರೂ ನನ್ನ ಬಗ್ಗೆಯೇ ವಿಚಾರಿಸುತ್ತಿದ್ದಾರೆ ಎಂಬುದು ನನಗೆ ಗೊತ್ತಾಯಿತು. ಹಿಡಿದ ಕೈ ಸೋತು ಬಂತು. ಇಳಿಸಲಿಲ್ಲ.