ಹುಣಸೆ ನೀರಿಗೆ ಬಿದ್ದ ಬ್ಲಾಸ್ಟಾಯ್ಡ್

ಸುಣ್ಣಕಲ್ಲಿಗೆ ಹುಳಿ ತಾಕಬಾರದು, ಕರಗಿಬಿಡುತ್ತದೆ. ಈ ಮಾತನ್ನು ಮನೆಯಲ್ಲಿ ಬಾಯಿ ನೋಯುವಷ್ಟು ಸಲ ಹೇಳಿದ್ದೇನೆ. ಹೇಳಿದ್ದೆಲ್ಲ ಗಂಡನಿಗೆ, ಮಕ್ಕಳಿಗೆ. ಧಾರವಾಡದಿಂದ ಅಮೆರಿಕದ ಪ್ಲೇನ್‌ಫೀಲ್ಡಿಗೆ ಬಂದು ಆರು ತಿಂಗಳು ನಮ್ಮ ಜೊತೆ ಇರಲಿದ್ದ ಅತ್ತೆಗೂ ಹೇಳಬೇಕೆಂದು ಹೊಳೆಯಲೇ ಇಲ್ಲ.

ಪಳೆಯುಳಿಕೆ ಆರಿಸುವುದು ನನ್ನ ಹಳೆಯ ಹುಚ್ಚು. ಇಲಿನಾಯ್ ರಾಜ್ಯದ ದಕ್ಷಿಣದ ತುದಿಗೆ ಆರು ಗಂಟೆ ಡ್ರೈವ್ ಮಾಡಿ, ಮೊಣಕಾಲೂರಿ ಹುಡುಕಿದರೆ ಸಿಗುವುದು ಹೆಚ್ಚಾಗಿ ಕ್ರಿನಾಯ್ಡ್‌ಗಳ ಚೂರು. ಒಂದು ಕಾಲಕ್ಕೆ ಕಡಲ ತಳದಲ್ಲಿ ದೇಟಿನ ಮೇಲೆ ನಿಂತು ಬದುಕಿದ ಪ್ರಾಣಿಗಳವು. ಆ ದೇಟು ಮುರಿದ ಮಣಿಗಳು ನನ್ನ ಹತ್ತಿರ ಡಬ್ಬಿಗಟ್ಟಲೆ ಇವೆ. ಅವುಗಳ ನಂಟನಾದ ಬ್ಲಾಸ್ಟಾಯ್ಡ್ ಮಾತ್ರ ಒಂದೇ ಒಂದು ಸಿಕ್ಕಿತ್ತು. ಮಲ್ಲಿಗೆ ಮೊಗ್ಗಿನಷ್ಟು ಗಾತ್ರದ ಸುಣ್ಣಕಲ್ಲು, ಐದೂ ಎಸಳಿನ ಗೆರೆಗಳು ಸ್ಪಷ್ಟ. ಫೋಟೋ ನೋಡಿದ ಆನ್ ಆರ್ಬರ್ ಊರಿನ ವಿಶ್ವವಿದ್ಯಾಲಯದ ಸಂಶೋಧಕಿಯೊಬ್ಬರು, ಗೆರೆಗಳು ಬೇರೆ ಥರ ಕಾಣುತ್ತಿವೆ, ಶನಿವಾರ ತಂದು ತೋರಿಸಿ ಎಂದು ಬರೆದಿದ್ದರು. ಆ ವಾರ ನನ್ನನ್ನು ಹಿಡಿಯುವವರೇ ಇರಲಿಲ್ಲ.

ಗುರುವಾರ ಸಂಜೆ ಆಫೀಸಿನಿಂದ ಬಂದು ನೋಡಿದರೆ ನನ್ನ ಬ್ಲಾಸ್ಟಾಯ್ಡ್ ದೇವರ ಹಿತ್ತಾಳೆ ದೀಪಗಳ ಸಾಲಿನಲ್ಲಿ ಕೂತಿತ್ತು.

"ಎಷ್ಟ ಮಣ್ಣ ಹಿಡದಿತ್ತವಾ," ಎಂದರು ಅತ್ತೆ. "ಮುಂಜಾನಿಂದ ಹುಣಸಿಹಣ್ಣಿನ ನೀರಾಗ ನೆನಿಹಾಕಿ ತಿಕ್ಕೇನಿ. ಯಾರಿಗೋ ತೋರಸಾಕ ಒಯ್ಯಾಕಿ ಇದ್ದಿ ಅಲ್ಲೇನು?"

ಎಸಳಿಲ್ಲ, ಗೆರೆಯಿಲ್ಲ. ಯಾವ ಹೊಳೆಯ ದಂಡೆಯಲ್ಲಾದರೂ ಸಿಗುವಂಥ ನುಣ್ಣನೆಯ ಕಲ್ಲು.

"ಏನ್ ಮಾಡ್ಬಿಟ್ರಿ ಅತ್ತೆ! ಒಂದ್ ಮಾತು ಕೇಳ್ಬಾರ್ದಿತ್ತಾ?" ಎಂದು ಕಿರುಚಿದೆ. ಅವರು ಒರೆಸುವ ಬಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟರು. "ಇನ್ನೊಂದ ಹುಡುಕಿದ್ರಾತ ಬಿಡ," ಎಂದ ಗಂಡ, ಸೋಫಾದಿಂದ ಏಳದೆ. ಇವನಿಗೆ ಎಲ್ಲ ಕಲ್ಲೂ ಒಂದೇ. ಮೈಯೆಲ್ಲ ಉರಿದುಹೋಯಿತು.

ಅಲ್ಲೇ ನಿಂತು ಆನ್ ಆರ್ಬರಿಗೆ ಫೋನ್ ಮಾಡಿ ಶನಿವಾರ ಬರುವುದಿಲ್ಲವೆಂದೆ. ಆಕೆ ಬೈಯಲಿಲ್ಲ, ಹೇಗಾಯಿತು ಎಂದಷ್ಟೇ ಕೇಳಿದರು. ನನ್ನನ್ನು ಏನೂ ತಿಳಿಯದವಳು ಅಂದುಕೊಂಡಾರು ಎಂಬ ಅಂಜಿಕೆ ನನಗೆ. ನಾನಲ್ಲ, ನನ್ನ ಅತ್ತೆ ಮಾಡಿದ್ದು ಎಂದು ಇಂಗ್ಲಿಷಿನಲ್ಲಿ ಎರಡೆರಡು ಸಲ ಒತ್ತಿ ಹೇಳಿದೆ.

ಫೋನ್ ಇಟ್ಟು ತಿರುಗಿದರೆ ಅತ್ತೆ ಹಿಂದೆಯೇ ನಿಂತಿದ್ದರು. ಅವರಿಗೆ ಇಂಗ್ಲಿಷ್ ಬಾರದು. ನನ್ನ ಮುಖವನ್ನಷ್ಟೇ ನೋಡಿದ್ದರು.

"ಭಾಳ ಬೈದ್ರೇನವಾ?" ಎಂದರು. "ನಮ್ಮ ಅತ್ತಿ ಮಾಡ್ಯಾಳ ಅಂತ ಹೇಳಿಬಿಡಬೇಕಿತ್ತು. ನನ್ನ ಸಲುವಾಗಿ ನೀ ಯಾಕ ಬೈಸ್ಕೋಬೇಕು?"